ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ

ನಮ್ಮೂರು ಕುದೇರು. ಹಾಲಿನ ಡೇರಿ ಇರುವ ಊರು ಎಂದರೆ ಜಿಲ್ಲೆಯಲ್ಲಿ ಯಾರಿಗಾದರೂ ಗೊತ್ತಾಗುತ್ತದೆ. ಇಲ್ಲಿಂದ ಸಮುದ್ರಕ್ಕೆ ನೇರ ಗೆರೆ ಎಳೆದರೂ ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ನಮ್ಮೂರಿನವರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರಿಗಿಂತ ಕಾಣದವರೇ ಹೆಚ್ಚು. ಆದರೆ ನಮ್ಮ ಮನೆಗೆ ಮಾತ್ರ ಸಮುದ್ರ ವಾರಕ್ಕೆ ನಾಲ್ಕೈದು ದಿನ ಬರುತ್ತದೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಐಸಿನ ಚೂರುಗಳ ನಡುವೆ, ಅಬ್ಬಾನ ಟಿವಿಎಸ್ ಮೊಪೆಡ್‌ನ ಹಿಂದೆ ಕಟ್ಟಿಕೊಂಡು ಬರುತ್ತದೆ.

ಅಬ್ಬಾ ಮೀನು ಮಾರುತ್ತಾರೆ. ನಸುಕಿನಲ್ಲೇ ಎದ್ದು ಫಜರ್ ನಮಾಜು ಮುಗಿಸಿ ಚಾಮರಾಜನಗರಕ್ಕೆ ಹೋಗಿ, ಬಂಗುಡೆ, ಮತ್ತಿ ಏನು ಬಂದಿದೆಯೋ ಅದನ್ನು ಕೊಂಡು ಸುತ್ತಲ ಹಳ್ಳಿಗಳಲ್ಲಿ ಮಾರಿ ಮಧ್ಯಾಹ್ನದ ಹೊತ್ತಿಗೆ ಮನೆ ಸೇರುತ್ತಾರೆ. ಕೇರಳದ ಲಾರಿ ರಾತ್ರಿ ಒಂಬತ್ತರೊಳಗೆ ಬಂಡೀಪುರ ದಾಟಿದರೆ ಮಾಲು ಸಿಗುತ್ತದೆ. ಇಲ್ಲದಿದ್ದರೆ ಬೆಳಗ್ಗೆ ಆರರವರೆಗೆ ಗೇಟು ತೆರೆಯುವುದಿಲ್ಲ. ಮಂಗಳೂರು, ಮಲ್ಪೆ ಕಡೆಯ ಮೀನು ಮೈಸೂರಿನ ಮೇಲೆ ಬರುತ್ತದೆ. ಜೂನ್, ಜುಲೈ ಎರಡು ತಿಂಗಳು ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದಲ್ಲ, ಆಗ ನಮ್ಮ ಮನೆಯಲ್ಲಿಯೂ ಖರ್ಚಿಗೆ ಕಡಿವಾಣ ಬೀಳುತ್ತದೆ. ಹತ್ತನೇ ತರಗತಿಯವರೆಗೆ ಸಮುದ್ರದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ.

ಅಬ್ಬಾನ ತಮ್ಮ, ನನ್ನ ಚಾಚಾ, ಮಲ್ಪೆಯಲ್ಲಿ ಆಳಸಮುದ್ರದ ಬೋಟಿನಲ್ಲಿ ಖಲಾಸಿ. ಮೀನು ಮಾರುವ ಮನೆಯಿಂದ ಮೀನು ಹಿಡಿಯುವ ಕೆಲಸಕ್ಕೆ ಹೋದವರು ಅವರೊಬ್ಬರೇ. ಬೋಟು ಒಮ್ಮೆ ಹೊರಟರೆ ಎಂಟು ಹತ್ತು ದಿನ ಫೋನು ಸಿಗುವುದಿಲ್ಲ. ದಡಕ್ಕೆ ಬಂದ ದಿನ ಮೊದಲ ಕರೆ ದಾದಿಗೆ. ಅದಕ್ಕೆ ಮನೆಯವರೆಲ್ಲ ಹೊಂದಿಕೊಂಡಿದ್ದೆವು.

2022ರ ನವೆಂಬರ್ ಕೊನೆಯಲ್ಲಿ ಒಂದು ಸಂಜೆ ಕರೆ ಬಂತು. ಚಾಚಾ ಅಲ್ಲ, ಬೋಟಿನ ಮಾಲೀಕರ ಕಡೆಯವರು. ಹಿಂದಿನ ದಿನ ಸಂಜೆ ಇಂಜಿನ್ ಕೆಟ್ಟಿದೆ ಎಂದು ವೈರ್‌ಲೆಸ್‌ನಲ್ಲಿ ಹೇಳಿದ್ದರಂತೆ. ಆಮೇಲೆ ದನಿ ಇಲ್ಲ. ಹುಡುಕಲು ಬೇರೆ ಬೋಟುಗಳು ಹೋಗಿವೆ, ಗಾಬರಿ ಬೇಡ ಎಂದರು.

ಗಾಬರಿ ಬೇಡ ಎಂದರೆ ಗಾಬರಿ ನಿಲ್ಲುತ್ತದೆಯೇ? ಆ ವೇಳೆಗೆ ಸುವರ್ಣ ತ್ರಿಭುಜದ ಸುದ್ದಿಯನ್ನು ಎಲ್ಲರೂ ಕೇಳಿದ್ದರು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಆ ಬೋಟು ಏಳು ಮಂದಿಯ ಸಮೇತ ಕಾಣೆಯಾಗಿತ್ತು. ಅದರ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡೆಯ ಸಮುದ್ರದ ತಳದಲ್ಲಿ, ನೌಕಾಪಡೆಯ ಹಡಗು ಹುಡುಕಿದಾಗ. ಅಷ್ಟು ತಿಂಗಳು ಆ ಏಳು ಮನೆಗಳು ಹೇಗೆ ಕಾದವೋ ಎಂದು ನನಗೆ ಆ ರಾತ್ರಿ ಮೊದಲ ಬಾರಿಗೆ ಅನ್ನಿಸಿತು. ಅದಕ್ಕೆ ಮುಂಚೆ ಅದು ಪೇಪರಿನ ಸುದ್ದಿ ಮಾತ್ರ.

ದಾದಿ ತಸ್ಬೀಹ್ ಹಿಡಿದು ಕುಳಿತವರು ಏಳಲಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು, "ಯೋಚ್ನ ಮಾಡ್ಬ್ಯಾಡ ಕನವ್ವ, ಬತ್ತನ ಬುಡು" ಎಂದು ದಾದಿಯ ಕೈ ಹಿಡಿದುಕೊಂಡು ರಾತ್ರಿಯೆಲ್ಲ ಕುಳಿತಿದ್ದರು. ಅಬ್ಬಾ ಗಂಟೆಗೊಮ್ಮೆ ಮಲ್ಪೆಗೆ ಫೋನು ಮಾಡುತ್ತಿದ್ದರು. ಅತ್ತ ಕಡೆಯಿಂದ ಬರುತ್ತಿದ್ದ ಉತ್ತರ ಒಂದೇ: "ಗಾಳಿ ಉತ್ತರದಿಂದ ಇದೆ, ದಕ್ಷಿಣಕ್ಕೇ ತೇಲಿರಬೇಕು, ಆ ಕಡೆ ನೋಡ್ತಿದ್ದೇವೆ." ಕೇಳಿದವರಿಗೆಲ್ಲ ಅದು ಸರಿ ಅನ್ನಿಸಿತು. ಎಲೆ ಗಾಳಿ ಹೋದ ಕಡೆ ಹೋಗುತ್ತದೆ, ದೋಣಿಯೂ ಹೋಗುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಮಾರನೆಯ ದಿನ ಬೆಳಗ್ಗೆ ಸಿಕ್ಕಿದರು. ದಕ್ಷಿಣದಲ್ಲಲ್ಲ, ಉತ್ತರದಲ್ಲಿ. ಹುಡುಕಲು ಹೋದ ಬೋಟಿಗಲ್ಲ, ಬಲೆ ಹಾಕಲು ಹೊರಟಿದ್ದ ಬೇರೆ ಬೋಟಿಗೆ. ಅವರು ಹಗ್ಗ ಕಟ್ಟಿ ಎಳೆದು ದಡಕ್ಕೆ ತಂದರು. ಅಲ್‌ಹಮ್ದುಲಿಲ್ಲಾಹ್, ಎಲ್ಲರೂ ಜೀವಂತ ಇದ್ದರು. ಸುಮಾರು 36 ಗಂಟೆ ಅವರು ಇಂಜಿನ್ ಇಲ್ಲದೆ ತೇಲಿದ್ದರು.

ಚಾಚಾ ಊರಿಗೆ ಬಂದಾಗ ಎಲ್ಲರೂ ಕೇಳಿದ್ದು ಊಟ ಏನು ಮಾಡಿದಿರಿ, ನೀರು ಇತ್ತೇ ಎಂದು. ಚಾಚಾ ಮಾತ್ರ ಬೇರೆಯೇ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ನಮ್ಮ ಮನೆಮಾತು ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. "ಇಂಜಿನ್ ನಿಂತಾಗ ನೇತ್ರಾಣಿ ಗುಡ್ಡ ನಮಗೆ ಉತ್ತರಕ್ಕೆ ಕಾಣುತ್ತಿತ್ತು. ಲಂಗರು ಬಿಟ್ಟರೆ ತಳ ಮುಟ್ಟಲಿಲ್ಲ. ಗಾಳಿ ಉತ್ತರದಿಂದಲೇ ಬೀಸುತ್ತಿತ್ತು. ಬೆಳಗಾಗಿ ಮಧ್ಯಾಹ್ನ ನೋಡಿದರೆ ಗುಡ್ಡ ದಕ್ಷಿಣಕ್ಕಿದೆ! ಗಾಳಿಗೆ ಎದುರಾಗಿ ನಮ್ಮನ್ನು ಯಾರು ಎಳೆದರು?" ತಾಂಡೇಲರು ನೀರಿನ ಸೆಳೆತ ಎಂದರಂತೆ. ಅನುಭವಸ್ಥರಿಗೆ ಅದು ಗೊತ್ತಿರುತ್ತದೆ. ಆದರೆ ಆ ದಿನ, ಆ ಜಾಗದಲ್ಲಿ, ಸೆಳೆತ ಯಾವ ಕಡೆಗೆ, ಎಷ್ಟು ಜೋರಾಗಿತ್ತು ಎಂಬುದು ಹುಡುಕುತ್ತಿದ್ದವರಿಗೆ ತಿಳಿದಿರಲಿಲ್ಲ.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಈ ವರ್ಷ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರದ ಸರ್ 'ಅಲೆಗಳು' ಎಂಬ ವಿಷಯದ ಮೇಲೆ ಎಲ್ಲರೂ ಒಂದೊಂದು ಸೆಮಿನಾರ್ ಕೊಡಬೇಕು ಎಂದಾಗ, ನಾನು ಸ್ಟಾಫ್ ರೂಮಿಗೆ ಹೋಗಿ ಕೇಳಿದೆ: "ಸರ್, ದಡದಲ್ಲಿ ನಿಂತುಕೊಂಡೇ ಸಮುದ್ರದ ನೀರು ಯಾವ ಕಡೆ ಹರೀತಿದೆ ಅಂತ ತಿಳಿಯೋಕೆ ಆಗುತ್ತಾ?" ಸರ್ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಆಗುತ್ತಮ್ಮ. ರೇಡಾರ್‌ನಿಂದ ಆಗುತ್ತೆ. ಅದನ್ನೇ ಓದು" ಎಂದರು.

ರೇಡಾರ್ ಎಂದರೆ ವಿಮಾನ ನಿಲ್ದಾಣದಲ್ಲಿ ತಿರುಗುವ ತಟ್ಟೆ ಎಂದು ನಾನು ತಿಳಿದಿದ್ದೆ. ಇದು ಹಾಗಲ್ಲ. ಸಮುದ್ರದ ದಂಡೆಯಲ್ಲಿ, ನೀರಿಗೆ ಆದಷ್ಟು ಹತ್ತಿರ ನೆಟ್ಟ ಕಂಬಗಳು, ಅಷ್ಟೇ. ಅವು ಕಳಿಸುವ ರೇಡಿಯೋ ಅಲೆ ಬಹಳ ಉದ್ದದ್ದು. ನಮ್ಮ ದೇಶದ ಕರಾವಳಿಯಲ್ಲಿ ಹಾಕಿರುವ ದೂರಗಾಮಿ ರೇಡಾರ್‌ಗಳು ಸುಮಾರು 4.4 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ತರಂಗದೂರ ಸುಮಾರು 68 ಮೀಟರ್. ನಮ್ಮ ಕಾಲೇಜು ಕಟ್ಟಡದ ಉದ್ದಕ್ಕಿಂತ ಹೆಚ್ಚು!

ಸಾಮಾನ್ಯ ರೇಡಾರ್‌ನ ಅಲೆ ನೇರ ಹೋಗುತ್ತದೆ. ಭೂಮಿ ಗುಂಡಗಿರುವುದರಿಂದ ದಿಗಂತದ ಆಚೆಯ ನೀರು ಅದಕ್ಕೆ ಕಾಣುವುದಿಲ್ಲ. ಈ ಉದ್ದ ಅಲೆ ಸಮುದ್ರದ ಮೈಗೆ ಅಂಟಿಕೊಂಡಂತೆ ಬಾಗಿ ಮುಂದೆ ಸಾಗುತ್ತದೆ. ಅದಕ್ಕೆ ಕಾರಣ ಉಪ್ಪು. ಉಪ್ಪುನೀರು ವಿದ್ಯುತ್ತಿನ ಒಳ್ಳೆಯ ವಾಹಕ. ಆದ್ದರಿಂದ ಅದರ ಮೇಲೆ ಈ ಅಲೆಯ ಶಕ್ತಿ ಬೇಗ ಸೋರಿಹೋಗುವುದಿಲ್ಲ. ಅದೇ ಕಂಬವನ್ನು ತಂದು ನಮ್ಮ ಸುವರ್ಣಾವತಿ ಜಲಾಶಯದ ದಂಡೆಯಲ್ಲಿ ನೆಟ್ಟರೆ ಸಿಹಿನೀರಿನ ಮೇಲೆ ಅಲೆ ಅಷ್ಟು ದೂರ ಹೋಗದು. ಸಮುದ್ರದಲ್ಲಾದರೆ 200 ಕಿಲೋಮೀಟರ್ ದೂರದವರೆಗೂ ಹೋಗಿ ಬರುತ್ತದೆ. ಕುದೇರಿನಿಂದ ಸಮುದ್ರಕ್ಕಿರುವ ದೂರಕ್ಕಿಂತ ಅದು ಹೆಚ್ಚು.

ಸರಿ, ಅಲೆ ಹೋಯಿತು. ಅಲ್ಲಿ ಅದಕ್ಕೆ ಏನು ತಾಗಿ ವಾಪಸು ಬರುತ್ತದೆ? ಬೋಟಲ್ಲ, ಹಡಗಲ್ಲ, ನೀರಿನ ಅಲೆಯೇ. ಉಳುಮೆ ಮಾಡಿದ ಹೊಲವನ್ನು ನೆನಪು ಮಾಡಿಕೊಳ್ಳಿ. ಸಾಲುಗಳು ಸಮ ಅಂತರದಲ್ಲಿರುತ್ತವೆ. ಸಮುದ್ರದಲ್ಲಿಯೂ ಅಲೆಗಳು ಹಾಗೆ ಸಾಲು ಸಾಲಾಗಿರುತ್ತವೆ, ಚಿಕ್ಕ ಅಂತರದ್ದು, ದೊಡ್ಡ ಅಂತರದ್ದು ಎಲ್ಲ ಬೆರೆತು. ಅವುಗಳಲ್ಲಿ ಯಾವುದರ ಅಂತರ ರೇಡಿಯೋ ಅಲೆಯ ಸರಿಯಾಗಿ ಅರ್ಧದಷ್ಟಿದೆಯೋ, ಅಂದರೆ ಇಲ್ಲಿ 34 ಮೀಟರ್ ಇದೆಯೋ, ಆ ಸಾಲುಗಳಿಂದ ಬರುವ ಪ್ರತಿಧ್ವನಿಗಳು ಒಂದರ ಜೊತೆ ಒಂದು ಹೆಜ್ಜೆ ಕೂಡಿಸಿಕೊಂಡು ಬಂದು ಬಲಗೊಳ್ಳುತ್ತವೆ. ಉಳಿದವು ಒಂದನ್ನೊಂದು ಅಳಿಸಿಹಾಕುತ್ತವೆ. ಹರಳುಗಳ ಮೇಲೆ ಎಕ್ಸ್-ಕಿರಣ ಬಿಟ್ಟಾಗ ಆಗುವುದೂ ಇದೇ. ಅದೇ ಬ್ರಾಗ್ ಅವರ ನಿಯಮ. ಅಲ್ಲಿ ಪರಮಾಣುಗಳ ಸಾಲು, ಇಲ್ಲಿ ಅಲೆಗಳ ಸಾಲು.

ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ನೋಡುತ್ತಿದ್ದವರಿಗೆ ಸಮುದ್ರದಿಂದ ಬರುವ ಪ್ರತಿಧ್ವನಿ ಒಂದು ಕಾಟ. ಶತ್ರುವಿನ ಹಡಗು ಹುಡುಕಲು ಹೊರಟರೆ ಈ ಗದ್ದಲ ಅಡ್ಡ ಬರುತ್ತಿತ್ತು. 1955ರಲ್ಲಿ ನ್ಯೂಜಿಲೆಂಡಿನ ಕ್ರಾಂಬಿ ಎಂಬ ವಿಜ್ಞಾನಿ ಆ ಗದ್ದಲವನ್ನೇ ಕೂತು ಅಳೆದರು. ಅದರಲ್ಲಿ ಒಂದು ಶಿಸ್ತು ಕಂಡಿತು: ವಾಪಸು ಬಂದ ಅಲೆಯ ಆವೃತ್ತಿ ಒಂದು ನಿಗದಿತ ಪ್ರಮಾಣದಲ್ಲಿ ಬದಲಾಗಿತ್ತು, ಮತ್ತು ಅದು ಅರ್ಧ ತರಂಗದೂರದ ನೀರಿನ ಅಲೆಗಳಿಗೆ ಸರಿಹೊಂದುತ್ತಿತ್ತು. 1970ರ ದಶಕದಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ಬ್ಯಾರಿಕ್ ಮತ್ತು ಸಂಗಡಿಗರು ಇದರಿಂದ ಪ್ರವಾಹ ಅಳೆಯುವ ಯಂತ್ರವನ್ನೇ ಮಾಡಿದರು. ಅದಕ್ಕೆ ಬಹಳ ಮುಂಚೆ ಪ್ರವಾಹ ತಿಳಿಯಲು ಇದ್ದ ದಾರಿಗಳಲ್ಲಿ ಕೆಲವು ಎಂದರೆ, ಹಡಗು ಹೋಗಬೇಕಾದ ಜಾಗ ಬಿಟ್ಟು ಎಲ್ಲಿಗೆ ಸರಿಯಿತು ಎಂದು ಲೆಕ್ಕ ಹಾಕುವುದು, ಅಥವಾ ಬಾಟಲಿಯೊಳಗೆ ಚೀಟಿ ಹಾಕಿ ಬಿಟ್ಟು ಯಾರಿಗಾದರೂ ಸಿಕ್ಕೀತು ಎಂದು ಕಾಯುವುದು.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಇದು ಪಿಯುಸಿ ಮಕ್ಕಳಾದ ನಮಗೆ ಎಟುಕುವಂಥದ್ದೇ. ಬಸ್ಸು ಹಾರ್ನ್ ಹೊಡೆದುಕೊಂಡು ಹತ್ತಿರ ಬರುವಾಗ ದನಿ ತೀಕ್ಷ್ಣವಾಗಿ, ದೂರ ಹೋಗುವಾಗ ಮಂದವಾಗಿ ಕೇಳುವುದು ಡಾಪ್ಲರ್ ಪರಿಣಾಮ. ಅದರಿಂದ ನೀರಿನ ಅಲೆ ಎಷ್ಟು ವೇಗದಲ್ಲಿ ಬರುತ್ತಿದೆ ಎಂದು ರೇಡಾರ್ ತಿಳಿಯುತ್ತದೆ. ಇನ್ನು ಆಳ ಸಮುದ್ರದಲ್ಲಿ ಅಲೆಯ ಸ್ವಂತ ವೇಗ ಎಷ್ಟಿರಬೇಕು ಎಂಬುದಕ್ಕೆ ಸೂತ್ರವಿದೆ. ಗುರುತ್ವ ವೇಗೋತ್ಕರ್ಷವನ್ನು ಅಲೆಯ ಉದ್ದದಿಂದ ಗುಣಿಸಿ, 2π ಯಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. 9.8ನ್ನು 34ರಿಂದ ಗುಣಿಸಿ 6.28ರಿಂದ ಭಾಗಿಸಿದರೆ ಸುಮಾರು 53. ಅದರ ವರ್ಗಮೂಲ 7.3. ಅಂದರೆ 34 ಮೀಟರಿನ ಅಲೆ ನಿಂತ ನೀರಿನ ಮೇಲೆ ಸೆಕೆಂಡಿಗೆ ಸುಮಾರು 7.3 ಮೀಟರ್ ಓಡುತ್ತದೆ, ಗಂಟೆಗೆ 26 ಕಿಲೋಮೀಟರ್. ಅಬ್ಬಾನ ಮೊಪೆಡ್ ಮೀನಿನ ಪೆಟ್ಟಿಗೆ ಹೊತ್ತು ಹೋಗುವಷ್ಟು ವೇಗ.

ಚಾಮರಾಜನಗರದಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಒಬ್ಬರು ಬೋಗಿಯೊಳಗೆ ಮುಂದಕ್ಕೆ ನಡೆಯುತ್ತಿದ್ದಾರೆ ಎಂದುಕೊಳ್ಳಿ. ಹೊರಗೆ ನಿಂತು ನೋಡುವವರಿಗೆ ಅವರ ವೇಗ ಎಂದರೆ ನಡಿಗೆಯ ವೇಗ, ಜೊತೆಗೆ ರೈಲಿನ ವೇಗ. ನಡಿಗೆಯ ವೇಗ ನಮಗೆ ಮೊದಲೇ ಗೊತ್ತಿದ್ದರೆ ಕಳೆದುಬಿಟ್ಟರಾಯಿತು, ರೈಲಿನ ವೇಗ ಸಿಕ್ಕಿತು. ಇಲ್ಲಿ ನಡೆಯುವವರು ಅಲೆ, ರೈಲು ಎಂದರೆ ಅಲೆಯನ್ನು ಹೊತ್ತುಕೊಂಡು ಹೋಗುತ್ತಿರುವ ನೀರು. ರೇಡಾರ್ 7.6 ಎಂದು ಹೇಳಿದರೆ, 7.3 ಕಳೆದು ಉಳಿದ 0.3 ಮೀಟರ್ ಪ್ರವಾಹದ್ದು. ಮೇಲಿನ ಎರಡು ಮೂರು ಮೀಟರ್ ನೀರಿನ ಹರಿವು ಇದರಲ್ಲಿ ಸಿಗುತ್ತದೆ. ಬೋಟು ತೇಲುವುದೂ ಆ ನೀರಿನಲ್ಲೇ.

ಹೇಳಲು ಸುಲಭ, ಅಳೆಯಲು ಕಷ್ಟ. ಸೆಕೆಂಡಿಗೆ 44 ಲಕ್ಷ ಬಾರಿ ಕಂಪಿಸುವ ಅಲೆಯಲ್ಲಿ 0.3 ಮೀಟರ್ ವೇಗದ ಪ್ರವಾಹ ತರುವ ವ್ಯತ್ಯಾಸ ಒಂದು ಹರ್ಟ್ಸ್‌ನ ನೂರನೇ ಒಂದು ಭಾಗದಷ್ಟೂ ಇಲ್ಲ. ಆದ್ದರಿಂದ ಯಂತ್ರ ಹತ್ತಾರು ನಿಮಿಷ ಕಿವಿಗೊಟ್ಟು ಕೇಳಬೇಕು. ರಾತ್ರಿಯಲ್ಲಿ ಆಕಾಶದ ಅಯಾನುಗೋಳದಿಂದ ದೂರದೂರದ ರೇಡಿಯೋ ಗದ್ದಲ ಬಂದು ಸೇರುವುದರಿಂದ ಅದರ ಎಟುಕು ಕಡಿಮೆಯಾಗುತ್ತದೆ.

ಇಷ್ಟನ್ನು ತಯಾರಿ ಮಾಡಿಕೊಂಡು ಸೆಮಿನಾರ್ ದಿನ ಬೋರ್ಡಿನ ಮುಂದೆ ನಿಂತೆ. ಚೆನ್ನಾಗಿಯೇ ಹೋಗುತ್ತಿತ್ತು. ಕೊನೆಯಲ್ಲಿ, "ಹೀಗೆ ಒಂದು ರೇಡಾರ್ ಇದ್ದರೆ ಸಾಕು, ಪೂರ್ತಿ ಪ್ರವಾಹ ಗೊತ್ತಾಗುತ್ತದೆ" ಎಂದು ಹೇಳಿ ಚಪ್ಪಾಳೆಗೆ ಕಾದೆ. ಹಿಂದಿನ ಬೆಂಚಿನಿಂದ ಒಬ್ಬಳು ಗೆಳತಿ ಕೈ ಎತ್ತಿದಳು. "ನೀರು ನಮ್ಮ ಕಡೆಗೂ ಬರದೆ, ಆಚೆಗೂ ಹೋಗದೆ, ಎಡದಿಂದ ಬಲಕ್ಕೆ ಅಡ್ಡಡ್ಡ ಹೋಗ್ತಿದ್ರೆ?"

ನನ್ನ ಬಾಯಿ ಕಟ್ಟಿತು. ಬಸ್ಸು ಅಡ್ಡ ಹಾದುಹೋದರೆ, ಸರಿಯಾಗಿ ಎದುರು ಬಂದ ಆ ಕ್ಷಣದಲ್ಲಿ ಹಾರ್ನಿನ ದನಿ ಬದಲಾಗಿರುವುದಿಲ್ಲ. ಹಾಗಾದರೆ ಅಡ್ಡ ಹರಿಯುವ ನೀರನ್ನು ನನ್ನ ರೇಡಾರ್ ನಿಂತ ನೀರು ಎನ್ನುತ್ತದೆ! ಚಾಚಾನ ಬೋಟನ್ನು ಎಳೆದ ನೀರು ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹೋಗುತ್ತಿತ್ತು. ದಡದ ಒಂದೇ ಕಡೆ ನಿಂತು ನೇರ ಎದುರಿಗೆ ನೋಡಿದರೆ ಅದು ಕಾಣುತ್ತಲೇ ಇರಲಿಲ್ಲ. ಎರಡು ವರ್ಷದಿಂದ ತಲೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸರಿಯಾಗಿ ಅಲ್ಲೇ ತಪ್ಪಿತ್ತು. ಸರ್ ನಗಲಿಲ್ಲ, ಬೈಯಲೂ ಇಲ್ಲ. "ಮುಂದಿನ ವಾರ ಇದೇ ಪ್ರಶ್ನೆಗೆ ಉತ್ತರ ತೊಗೊಂಡು ಬಾ" ಎಂದರು.

ಉತ್ತರ ಸರಳ: ಒಂದು ಸಾಲದು, ಎರಡು ಬೇಕು. ಒಂದು ಕೇಂದ್ರಕ್ಕೆ ಕಾಣುವುದು ನೀರು ತನ್ನ ಕಡೆ ಬರುತ್ತಿದೆಯೇ, ತನ್ನಿಂದ ದೂರ ಹೋಗುತ್ತಿದೆಯೇ ಎಂಬುದು ಮಾತ್ರ. ಕರಾವಳಿಯ ಉದ್ದಕ್ಕೆ ಬಹಳ ದೂರದಲ್ಲಿ ಇನ್ನೊಂದು ಕೇಂದ್ರವಿದ್ದರೆ, ಅದೇ ನೀರನ್ನು ಅದು ಬೇರೆ ಕೋನದಿಂದ ನೋಡುತ್ತದೆ. ಒಂದಕ್ಕೆ ಅಡ್ಡವಾಗಿ ಕಂಡದ್ದು ಇನ್ನೊಂದಕ್ಕೆ ಎದುರಾಗಿ ಕಾಣುತ್ತದೆ. ನಾವು ಸದಿಶಗಳ ಪಾಠದಲ್ಲಿ ಘಟಕಗಳನ್ನು ಕೂಡಿಸುತ್ತೇವಲ್ಲ, ಹಾಗೆ ಎರಡನ್ನೂ ಕೂಡಿಸಿದರೆ ನಿಜವಾದ ದಿಕ್ಕು, ನಿಜವಾದ ವೇಗ ಸಿಗುತ್ತದೆ. ಇದನ್ನು ಓದಿದ ಮೇಲೆ ನಮ್ಮ ದೇಶದ ರೇಡಾರ್‌ಗಳ ಪಟ್ಟಿ ನೋಡಿದರೆ ಅವು ಜೋಡಿ ಜೋಡಿಯಾಗಿರುವುದು ಯಾಕೆಂದು ತಾನಾಗಿ ಅರ್ಥವಾಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2008ರಿಂದ 2010ರ ಅವಧಿಯಲ್ಲಿ ಹತ್ತು ಕೇಂದ್ರಗಳನ್ನು ಹಾಕಿತು. ಒಡಿಶಾದಲ್ಲಿ ಪುರಿ ಮತ್ತು ಗೋಪಾಲಪುರ. ಆಂಧ್ರದ ಕರಾವಳಿಯ ಕಡೆ ಯಾನಂ ಮತ್ತು ಮಚಲಿಪಟ್ಟಣ. ತಮಿಳುನಾಡಿನಲ್ಲಿ ಕಲ್ಪಾಕ್ಕಂ ಮತ್ತು ಕಡಲೂರು. ಅಂಡಮಾನಿನಲ್ಲಿ ಪೋರ್ಟ್ ಬ್ಲೇರ್ ಮತ್ತು ಹಟ್ ಬೇ. ಗುಜರಾತಿನ ಖಂಭಾತ್ ಕೊಲ್ಲಿಯ ಎರಡು ದಡಗಳಲ್ಲಿ ಒಂದೊಂದು. ಇವು ಸಮುದ್ರವನ್ನು ಸುಮಾರು ಆರು ಕಿಲೋಮೀಟರಿನ ಚೌಕಗಳಾಗಿ ಮಾಡಿ ಪ್ರತಿ ಚೌಕದ ನೀರಿನ ದಿಕ್ಕು, ವೇಗ ಹೇಳುತ್ತವೆ. ಮಾಹಿತಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಗೆ ಹೋಗುತ್ತದೆ.

ಆ ಹತ್ತರಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಸುಮಾರು 320 ಕಿಲೋಮೀಟರ್ ಕರಾವಳಿ ನಮ್ಮದು.

ಎರಡನೇ ಬಾರಿ ಸೆಮಿನಾರ್ ಕೊಡುವಾಗ ನಾನು ಚಾಚಾನ ಕಥೆಯನ್ನೂ ಸೇರಿಸಿದೆ. ಮೊದಲ ಸಲ ಅದನ್ನು ಯಾರಿಗೂ ಹೇಳಿರಲಿಲ್ಲ. ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದೆ. ಪ್ರವಾಹ ಸೆಕೆಂಡಿಗೆ 0.3 ಮೀಟರ್ ಎಂದರೆ ಗಂಟೆಗೆ ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಮಗು ನಡೆಯುವುದಕ್ಕಿಂತ ನಿಧಾನ. ಆದರೆ ಅದು ನಿಲ್ಲುವುದಿಲ್ಲ. 36 ಗಂಟೆಯಲ್ಲಿ 39 ಕಿಲೋಮೀಟರ್. ದಿಕ್ಕು ಗೊತ್ತಿಲ್ಲದಿದ್ದರೆ 39 ಕಿಲೋಮೀಟರ್ ತ್ರಿಜ್ಯದ ವೃತ್ತವನ್ನೆಲ್ಲ ಹುಡುಕಬೇಕು. ಅದರ ವಿಸ್ತೀರ್ಣ ಸುಮಾರು 4,780 ಚದರ ಕಿಲೋಮೀಟರ್. ಹೆಚ್ಚು ಕಡಿಮೆ ನಮ್ಮ ಇಡೀ ಚಾಮರಾಜನಗರ ಜಿಲ್ಲೆಯಷ್ಟು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಎಲ್ಲ ಸೇರಿದ ಜಿಲ್ಲೆಯಲ್ಲಿ ಒಂದು ಲಾರಿಯನ್ನು ಹುಡುಕಿದಂತೆ. ದಿಕ್ಕು ಗೊತ್ತಿದ್ದರೆ ಅದರ ಒಂದು ಚಿಕ್ಕ ತುಂಡು ಸಾಕು. ತರಗತಿ ಆಗ ತುಂಬ ಸುಮ್ಮನಾಗಿತ್ತು.

ಇನ್ನು ಚಾಚಾ ಕೇಳಿದ ಪ್ರಶ್ನೆ: ಗಾಳಿಗೆ ಎದುರಾಗಿ ಎಳೆದವರು ಯಾರು? ಇದಕ್ಕೂ ಉತ್ತರ ಸಿಕ್ಕಿತು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪಶ್ಚಿಮ ಕರಾವಳಿಯ ಪ್ರವಾಹವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಮುಂಗಾರಿನಲ್ಲಿ ಅದು ದಕ್ಷಿಣಕ್ಕೆ ಹರಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರಕ್ಕೆ, ಅದೂ ಅಲ್ಲಿ ಬೀಸುವ ಗಾಳಿಗೆ ವಿರುದ್ಧವಾಗಿ. ಕಾರಣ ನಮ್ಮ ಕರಾವಳಿಯಲ್ಲಷ್ಟೇ ಇಲ್ಲ. ಬಂಗಾಳ ಕೊಲ್ಲಿಯ ಕಡೆ ಬೀಸಿದ ಗಾಳಿಯ ಪರಿಣಾಮ ದಡ ಹಿಡಿದುಕೊಂಡು, ಶ್ರೀಲಂಕಾ ಸುತ್ತಿ, ಅರಬ್ಬೀ ಸಮುದ್ರಕ್ಕೆ ಬರುತ್ತದೆ. ಆ ಕಡೆಯ ಕಡಿಮೆ ಉಪ್ಪಿನ ನೀರೂ ಇತ್ತ ಬರುತ್ತದೆ. ಅಂದರೆ ಮಲ್ಪೆಯಲ್ಲಿ ನಿಂತು ಕೆನ್ನೆಗೆ ತಾಗುವ ಗಾಳಿ ನೋಡಿ ನೀರಿನ ದಿಕ್ಕು ಹೇಳಲಾಗದು. ನೀರನ್ನೇ ಕೇಳಬೇಕು. ಇದನ್ನು ಓದಿದ ದಿನ ನಾನು ಅಂದು ದಕ್ಷಿಣಕ್ಕೆ ಹುಡುಕಲು ಹೋದವರ ಮೇಲೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಸಿಟ್ಟನ್ನು ಬಿಟ್ಟುಬಿಟ್ಟೆ. ತಮ್ಮ ಡೀಸೆಲ್ ಸುಟ್ಟು ಹುಡುಕಿದವರು ಅವರು. ಅವರಲ್ಲಿ ಇಲ್ಲದಿದ್ದದ್ದು ಮಾಹಿತಿ, ಮನಸ್ಸಲ್ಲ.

ನಮ್ಮ ಹಿಂದಿನವರಿಗೆ ಈ ಸಮುದ್ರ ಋತುವಿನ ಜೊತೆ ತಿರುಗುತ್ತದೆಂದು ಗೊತ್ತಿತ್ತು. ಮನೆಯಲ್ಲಿ ನಾವು ಹವೆಗೆ 'ಮೌಸಮ್' ಎನ್ನುತ್ತೇವೆ. ಅರಬ್ಬಿಯ 'ಮೌಸಿಮ್' ಎಂದರೆ ಋತು. ಅದರಿಂದಲೇ 'ಮಾನ್ಸೂನ್' ಬಂದದ್ದು. ಹದಿನೈದನೇ ಶತಮಾನದ ಅರಬ್ ನಾವಿಕ ಇಬ್ನ್ ಮಾಜಿದ್ ಹಿಂದೂ ಮಹಾಸಾಗರದ ದಾರಿ, ನಕ್ಷತ್ರ, ಋತುಗಾಳಿಗಳ ಬಗ್ಗೆ ಗ್ರಂಥಗಳನ್ನೇ ಬರೆದರು. ವಿಜಯನಗರಕ್ಕೆ ಕುದುರೆಗಳು ಭಟ್ಕಳದ ಬಂದರಿಗೆ ಬಂದು ಇಳಿಯುತ್ತಿದ್ದದ್ದು ಆ ಋತುಗಾಳಿಯನ್ನು ನಂಬಿಯೇ. ಋತುವಿನ ಲೆಕ್ಕ ಅವರು ಕೊಟ್ಟರು. ಗಂಟೆಯ ಲೆಕ್ಕ ಈಗ ಬೇಕಾಗಿದೆ. ಕಾಣೆಯಾದವರನ್ನು ಹುಡುಕಲು ನೆರವಾಗುವ 'ಸರತ್' ಎಂಬ ವ್ಯವಸ್ಥೆಯನ್ನು ಇನ್‌ಕಾಯಿಸ್ 2016ರಲ್ಲಿ ಆರಂಭಿಸಿತು. ಕೊನೆಗೆ ಕಂಡ ಜಾಗ, ಸಮಯ, ಯಾವ ಬಗೆಯ ದೋಣಿ ಎಂದು ಕೊಟ್ಟರೆ, ಗಾಳಿ ಮತ್ತು ಪ್ರವಾಹ ಎರಡನ್ನೂ ಲೆಕ್ಕ ಹಾಕಿ ಎಲ್ಲಿ ಹುಡುಕಬೇಕು ಎಂದು ನಕ್ಷೆ ಕೊಡುತ್ತದೆ. ಅದರ ಪ್ರವಾಹದ ಲೆಕ್ಕ ಕಂಪ್ಯೂಟರಿನ ಮಾದರಿಯಿಂದ ಬರುವಂಥದ್ದು. ಅಮೆರಿಕದಲ್ಲಿ ಕರಾವಳಿ ಕಾವಲು ಪಡೆ ರೇಡಾರ್ ಅಳತೆಯನ್ನೇ ಶೋಧಕ್ಕೆ ಬಳಸುತ್ತದೆ. ನಮ್ಮ ಕರಾವಳಿಯಲ್ಲೂ ಆ ಎರಡೂ ಒಟ್ಟಿಗೆ ಆಗಲಿ ಎಂಬುದು ನನ್ನ ಆಸೆ.

ಚಾಚಾ ಮತ್ತೆ ಸಮುದ್ರಕ್ಕೆ ಹೋಗುತ್ತಿದ್ದಾರೆ. ದಾದಿ ಬೇಡವೆಂದರು, ಅಬ್ಬಾ ಇಲ್ಲೇ ಒಂದು ಪೆಟ್ಟಿಗೆ ಹಂಚಿಕೊಳ್ಳೋಣ ಎಂದರು. ಒಂದು ಮೊಪೆಡ್‌ನ ವ್ಯಾಪಾರದಲ್ಲಿ ಎರಡು ಸಂಸಾರ ನಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಎರಡು ತಿಂಗಳು ಮನೆಯಲ್ಲಿದ್ದು, ಜನವರಿ ಮುಗಿಯುವಾಗ ಮಲ್ಪೆ ಬಸ್ಸು ಹತ್ತಿದರು.

ಸೆಮಿನಾರ್ ಮುಗಿದ ರಾತ್ರಿ ದಾದಿಗೆ ಎಲ್ಲ ವಿವರಿಸಿದೆ. ಉಪ್ಪು, ಅಲೆ, ರೈಲು, ಎರಡು ಕಂಬ. ದಾದಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಆ ಕಂಬಕ್ಕೆ ನನ್ನ ಮಗ ಕಾಣ್ತಾನಾ?" ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲ ದಾದಿ, ಅಷ್ಟು ದೂರದ ಚಿಕ್ಕ ಬೋಟು ಅದಕ್ಕೆ ಕಾಣೋದಿಲ್ಲ. ಬೋಟಿನ ಕೆಳಗಿನ ನೀರು ಎಲ್ಲಿಗೆ ಹೋಗ್ತಿದೆ ಅಂತ ಹೇಳುತ್ತೆ" ಎಂದೆ. ದಾದಿ ಸ್ವಲ್ಪ ಯೋಚಿಸಿ, "ಅಷ್ಟು ಹೇಳಿದ್ರೂ ಆಗಿತ್ತು. ಆ ರಾತ್ರಿ ನಾನು ಯಾವ ಕಡೆ ನೋಡಿ ದುವಾ ಮಾಡಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ" ಎಂದರು.

ಪರೀಕ್ಷೆ ಮುಗಿದ ಮೇಲೆ ಬಿಎಸ್ಸಿಗೆ ಭೌತಶಾಸ್ತ್ರ ತೆಗೆದುಕೊಳ್ಳಬೇಕು, ಆಮೇಲೆ ಸಾಗರ ವಿಜ್ಞಾನ ಓದಬೇಕು ಎಂದುಕೊಂಡಿದ್ದೇನೆ. ಸಮುದ್ರ ಕಾಣದ ಊರಿನವಳಿಗೆ ಇದೇಕೆ ಎಂದು ಕೆಲವರು ಕೇಳಿದ್ದಾರೆ. ನಮ್ಮ ಕಾಲೇಜಿನಲ್ಲಿ ಹಳ್ಳಿಗಳಿಂದ ಬರುವವರೇ ಹೆಚ್ಚು. ನಮ್ಮಲ್ಲಿ ಯಾರ ಮನೆಯವರು ಎಲ್ಲೆಲ್ಲಿ ದುಡಿಯುತ್ತಿದ್ದಾರೆ ನೋಡಿ. ಕೊಡಗಿನ ಕಾಫಿ ತೋಟ, ತಿರುಪ್ಪೂರಿನ ಗಾರ್ಮೆಂಟ್ಸ್, ಬೆಂಗಳೂರಿನ ಕಟ್ಟಡ, ಮಲ್ಪೆಯ ಬೋಟು. ನಾವು ಕಲಿಯುವ ಪಾಠ ಅವರಲ್ಲಿ ಯಾರಿಗಾದರೂ ಒಂದು ರಾತ್ರಿ ಉಪಯೋಗಕ್ಕೆ ಬರಬಹುದು. ಹಿಂದಿನ ಬೆಂಚಿನಿಂದ ಕೈ ಎತ್ತಿ ಪ್ರಶ್ನೆ ಕೇಳಿದ ಗೆಳತಿಗೂ, ಎರಡನೇ ಬಾರಿ ಅವಕಾಶ ಕೊಟ್ಟ ಸರ್ ಅವರಿಗೂ ನನ್ನ ಧನ್ಯವಾದಗಳು.

ನಿನ್ನೆ ಅಬ್ಬಾ ತಂದ ಬಂಗುಡೆ ಮಲ್ಪೆಯದ್ದು. ಚಾಚಾನ ಬೋಟು ಮೊನ್ನೆ ದಡ ಮುಟ್ಟಿದೆ. ಫೋನು ಮಾಡಿದ್ದರು. "ನೀರು ಈಗ ಯಾವ ಕಡೆ ಹೋಗ್ತಿದೆ ಚಾಚಾ?" ಎಂದು ಕೇಳಿದೆ. "ನೀನೇ ಹೇಳಬೇಕು ಬೇಟಿ, ಓದಿದವಳು ನೀನು" ಎಂದು ನಕ್ಕರು.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ